ಕೆಮ್ಮಣ್ಣಿನ ಬೊಟ್ಟು

ಕಲ್ಲಿದ್ದಲನ್ನು ಎಣ್ಣೆ ಮಾಡುವಾಗ ನಾವು ಬೆರೆಸುವ ಕಬ್ಬಿಣದ ತುಕ್ಕಿನ ಪುಡಿ ಪೂರ್ತಿ ಸಲ್ಫೈಡ್ ಆಗಬೇಕು. ಆಗಿದೆಯೋ ಇಲ್ಲವೋ ಎಂದು ಹೇಳುವುದು ವಡೋದರಾದ ನಮ್ಮ ಲ್ಯಾಬಿನ ಸ್ಪೆಕ್ಟ್ರೋಮೀಟರ್. ಒಂದು ಸಲ ಅದು ತುಕ್ಕು ಹಾಗೇ ಉಳಿದಿದೆ ಅಂದುಬಿಟ್ಟಿತು. ಮೂರು ಸಲ ಅಳೆದರೂ ಅದೇ ಉತ್ತರ. ಎರಡು ವರ್ಷದ ಕೆಲಸ ಹಳ್ಳ ಹಿಡಿಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂತೆ.

ಯಂತ್ರ ನೋಡಿಕೊಳ್ಳುವ ರಮಣ್‌ಭಾಯಿ ಪುಡಿ ತುಂಬಿದ ಡಬ್ಬಿಯನ್ನು ಹೊರತೆಗೆದು, ತಿರುಗಿಸಿ ನೋಡಿ, ನನ್ನನ್ನು ಗುಜರಾತಿಯಲ್ಲಿ ಅಕ್ಕ ಎಂದು ಕರೆಯುತ್ತ, ಹಿಂದಿಯಲ್ಲಿ ಮೆಲ್ಲಗೆ ಕೇಳಿದರು: "ಬೆನ್, ಮುಚ್ಚಳದ ಮೇಲೆ ಈ ಕೆಂಪು ಬೊಟ್ಟು ಯಾರಿಟ್ಟಿದ್ದು?"

ನಾನೇ! ಆಯುಧಪೂಜೆ ದಿನ ಕುಂಕುಮ ಮರೆತು ಬಂದಿದ್ದೆ. ಹೊಸ್ತಿಲಿಗೆ ಬಳಿಯಲೆಂದು ಅಮ್ಮ ಗದಗಿನಿಂದ ಕಳಿಸಿದ್ದ ಕೆಮ್ಮಣ್ಣು ಚೀಲದಲ್ಲಿತ್ತು. ಅದನ್ನೇ ನೀರಲ್ಲಿ ಕಲಸಿ ಯಂತ್ರಕ್ಕೂ ಡಬ್ಬಿಗೂ ಹಚ್ಚಿ ಕೈಮುಗಿದಿದ್ದೆ. ಯಂತ್ರದ ಕಿರಣ ಮುಚ್ಚಳವನ್ನು ಹಾದೇ ಪುಡಿಗೆ ಹೋಗುತ್ತದೆ; ಕೆಮ್ಮಣ್ಣಿನ ಕೆಂಪೆಲ್ಲ ಕಬ್ಬಿಣದ ತುಕ್ಕಿನದೇ ತಾನೆ!

"ಯಂತ್ರ ಸುಳ್ಳು ಹೇಳಿಲ್ಲ, ಬೆನ್," ಎನ್ನುತ್ತ ರಮಣ್‌ಭಾಯಿ ಬೊಟ್ಟು ಒರೆಸಿದರು. ಮತ್ತೆ ಅಳೆದಾಗ ತುಕ್ಕು ಮಾಯ.

ಪೂಜೆಯನ್ನೇನೂ ಬಿಟ್ಟಿಲ್ಲ. ಈಗ ಕುಂಕುಮವನ್ನು ಮೊದಲು ಯಂತ್ರದೊಳಗಿಟ್ಟು ಅಳೆಯುತ್ತೇವೆ. ಅದು ಪಾಸು ಮಾಡಿದ ಮೇಲಷ್ಟೇ ಅದರ ಹಣೆಗೆ.