ಹವಳಕ್ಕೆ ಮೈಲುತುತ್ತ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೂರ್ನಾಡಿನ ಸುತ್ತ ಯಾರ ಕಾಫಿ ಗಿಡ ಬಾಡಿದರೂ ನಮ್ಮ ಪಕ್ಕದ ತೋಟದ ಯಜಮಾನರನ್ನೇ ಕರೆಯುತ್ತಿದ್ದರು. ಬಂದವರೇ ಕುಕ್ಕರುಗಾಲಿನಲ್ಲಿ ಕೂತು, ಉಗುರಿನಿಂದ ಬುಡ ಕೆದಕಿ, "ಮುಟ್ಟಿ ನೋಡದೆ ಏನು ಗೊತ್ತಾಗ್ತದೆ?" ಎನ್ನುತ್ತಿದ್ದರು.

ಮಂಗಳೂರಿನಲ್ಲಿ ಓದುತ್ತಿದ್ದ ಅವರ ಮಗಳು ರಜೆಗೆ ಬರುವಾಗ, ಮೀನುಗಾರರ ಬಲೆಗೆ ಸಿಕ್ಕಿದ್ದ ಜೀವಂತ ಹವಳದ ತುಂಡೊಂದನ್ನು ತಂದು ಗಾಜಿನ ತೊಟ್ಟಿಯಲ್ಲಿಟ್ಟಳು. ಕಣ್ಣೂರಿಗೆ ಹೋಗುವ ಲಾರಿಯವನು ಅದಕ್ಕೆ ಸಮುದ್ರದ ನೀರು ತಂದುಕೊಡುತ್ತಿದ್ದ. ಘಾಟಿ ರಸ್ತೆ ಕುಸಿದು ಲಾರಿ ನಿಂತಿತು. ಹವಳ ಬಿಳಿಚಿಕೊಂಡಿತು.

"ನೀರು ಹಳತಾಗಿದೆ ಅಷ್ಟೆ. ಹೊಸ ನೀರು ಬರೋವರೆಗೆ ನೀವು ಮುಟ್ಟಬೇಡಿ," ಎಂದು ಅವಳು ತಂದೆಗೆ ಹೇಳಿದ್ದಳು.

ಮರುದಿನ ಬೆಳಿಗ್ಗೆ ನಾನೂ ನಮ್ಮಪ್ಪನೂ ಅಲ್ಲಿಗೆ ಹೋದಾಗ ತೊಟ್ಟಿಯ ನೀರು ನೀಲಿಯಾಗಿತ್ತು, ಹವಳ ಲೋಳೆಯಾಗಿ ಕಳಚುತ್ತಿತ್ತು.

"ಕಾಫಿ ಗಿಡದ ಕೊಳೆರೋಗಕ್ಕೆ ಹೊಡೆಯೋ ಮೈಲುತುತ್ತ ಇದಕ್ಕೆ ಹಾಕಿದ್ದು ಯಾರು?" ಎಂದಳು ಮಗಳು.

ಯಜಮಾನರು ಮುಂದಿದ್ದ ರೊಟ್ಟಿ ಮುರಿಯದೆ, ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡು ಕೂತಿದ್ದರು. ಅವಳು ಕಾಫಿ ಲೋಟ ಚಾಚಿದಳು. ಕೈ ಹೊರಗೆ ತೆಗೆಯಲೇಬೇಕಾಯಿತು. ಉಗುರಿನ ಸಂದಿಗಳೆಲ್ಲ ನೀಲಿ.

"ಕೊಳೆರೋಗ ಅಂದ್ಕೊಂಡೆ," ಎಂದರು, ಲೋಟವನ್ನೇ ನೋಡುತ್ತ. ಅವಳು ತೊಟ್ಟಿ ಎತ್ತಿಕೊಂಡು ಹೊರಗೆ ಹೋದಳು.

ಕೆಲವು ವಾರಗಳಾದ ಮೇಲೆ ನಮ್ಮಪ್ಪ ಬಾಡಿದ ಮೆಣಸಿನ ಬಳ್ಳಿ ತೋರಿಸಲು ಅವರನ್ನು ಕರೆದರು. ಅವರು ದೂರದಲ್ಲೇ ನಿಂತರು.

"ಮುಟ್ಟಿ ನೋಡಿ ಮಾರಾಯ್ರೆ!"

"ನೀವೇ ಕೆದಕಿ," ಎಂದರು.

ಉಗುರಿನ ನೀಲಿ ಅಷ್ಟರಲ್ಲಿ ಹೋಗಿಯೇ ಇದ್ದಿರಬೇಕು. ಆದರೂ ಆ ಕೈಗಳು ಕೋಟಿನ ಜೇಬಿನಿಂದ ಹೊರಗೆ ಬರಲಿಲ್ಲ.