ಮೈಲುತುತ್ತ ಹಾಕಿದ ಶರತ್ಕಾಲ

ಮೊನ್ನೆ ಹೊನ್ನಾವರದಿಂದ ಮಗಳು ಫೋನು ಮಾಡಿ, ಚೌತಿಯ ಬಣ್ಣದ ಕಾಗದ ಏನಾದರೂ ಉಳಿದಿದೆಯೇ ಎಂದು ಕೇಳಿದಳು. ಮೊಮ್ಮಗಳ ಶಾಲೆಯಲ್ಲಿ ಸ್ಕ್ರ್ಯಾಪ್ ಬುಕ್ ಮಾಡಿಸುತ್ತಿದ್ದಾರಂತೆ, ಈ ವಾರ ‘ಆಟಮ್’, ಅಂದರೆ ಇಂಗ್ಲಿಷಿನ ಶರತ್ಕಾಲ, ಅಂತೆ. ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ನನಗೆ ತಲೆ ಚಿಟ್ಟು ಹಿಡಿಯಿತು. ಒಂದು ಮನೆಗೆ ಒಂದು ಆಟಮ್ ಸಾಲದೇ, ನೀವೇ ಹೇಳಿ. ಗೊಣಗುತ್ತಲೇ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಮುಚ್ಚಳ ತೆಗೆದೊಡನೆ ಹಳೆಯ ಕಾಗದ, ಕರ್ಪೂರ, ಮೈದಾ ಅಂಟು ಎಲ್ಲ ಸೇರಿದ ಆ ವಾಸನೆ ಬಂತು.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ನಾವು ಕುಮಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನಗೆ ಅಲ್ಲೇ ಕಚೇರಿ. ಯಜಮಾನರಿಗೆ ಭಟ್ಕಳದಲ್ಲಿ ನೌಕರಿ, ಮನೆಯ ಯಾವ ರಗಳೆಗೂ ಸಿಕ್ಕದಂತೆ ಭಾನುವಾರ ಮಾತ್ರ ಬಂದು ಹೋಗುತ್ತಿದ್ದರು. ನಾಲ್ಕನೇ ಇಯತ್ತೆಯ ಮಗಳನ್ನು ಆ ವರ್ಷ ಕನ್ನಡ ಶಾಲೆ ಬಿಡಿಸಿ ಹೊಸ ಇಂಗ್ಲಿಷ್ ಶಾಲೆಗೆ ಹಾಕಿದ್ದೆವು. ಅಲ್ಲೂ ಸ್ಕ್ರ್ಯಾಪ್ ಬುಕ್ ಇತ್ತು, ಚೆನ್ನಾಗಿ ಮಾಡಿದವರ ಹಾಳೆಯನ್ನು ಕೆಲವು ದಿನ ತರಗತಿಯ ಗೋಡೆಗೆ ಪಿನ್ನು ಹಾಕಿ ಏರಿಸುವ ಪದ್ಧತಿ. ನಮ್ಮವಳದ್ದು ಏರುತ್ತಿರಲಿಲ್ಲ. ಏರದ ದಿನ ಮಾತಾಡದೆ ಊಟ ಮಾಡಿ ಎದ್ದುಬಿಡುತ್ತಿದ್ದಳು. ಅದನ್ನು ನೋಡಿದರೆ ನನ್ನ ಹೊಟ್ಟೆಗೂ ಅನ್ನ ಇಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಈ ಆಟಮ್ ಬಂತು. ಕೆಂಪು, ಕಿತ್ತಳೆ, ಹಳದಿ ಕಾಗದದ ಎಲೆ ಕತ್ತರಿಸಿ, ಬೋಳು ಮರದ ಕೆಳಗೆ ಉದುರಿದ ಹಾಗೆ ಅಂಟಿಸಿ ತರಬೇಕು. ಕಿಟಕಿಯಾಚೆ ನೋಡಿದರೆ ಚೌತಿ ಮುಗಿದರೂ ಬಿಡದ ಮಳೆ. ಕಂಪೌಂಡಿನ ಗೋಡೆಗೂ ಹಸಿರು, ಬಟ್ಟೆ ಒಗೆಯುವ ಕಲ್ಲಿಗೂ ಹಸಿರು. ಇರಲಿ ಎಂದು ಕಚೇರಿ ಬಿಟ್ಟವಳು ಪೇಟೆಯೆಲ್ಲ ಸುತ್ತಿದೆ. ಕೆಂಪು, ಹಳದಿ ಕಾಗದವೆಲ್ಲ ಗಣಪತಿ ಮಂಟಪಗಳಿಗೆ ಹೋಗಿ ಮುಗಿದಿತ್ತು. ಹಸಿರಾದರೆ ಬೇಕಾದಷ್ಟಿದೆ, ಒಯ್ಯಿರಿ ಎಂದು ಅಂಗಡಿಯವರು ನನಗೇ ಉಪಕಾರ ಮಾಡುವಂತೆ ಹೇಳಿದರು.

ಮನೆಯಲ್ಲಿ ಮಾವ ಪಂಚಾಂಗ ಬಿಡಿಸಿಕೊಂಡು ಕೂತಿದ್ದರು. ಪೋಸ್ಟಾಫೀಸಿನಿಂದ ನಿವೃತ್ತರಾದವರು, ಯಾವುದನ್ನೂ ವಿಚಾರಣೆ ಮಾಡದೆ ಬಿಡುವವರಲ್ಲ. ಶರದೃತು ಎಂದರೆ ಭತ್ತ ತೆನೆಯಾಗುವ ಕಾಲ, ಎಲೆ ಉದುರುವುದು ಶಿಶಿರದಲ್ಲಿ, ನಿಮ್ಮ ಮಿಸ್ಸಿಗೆ ಯಾರಾದರೂ ಹೇಳಬೇಕು ಎಂದು ಅವರ ವಾದ. ಮುಗಿಯಿತೆಂದುಕೊಂಡರೆ, ಮಗಳು ತಂದ ಚಿತ್ರದಲ್ಲಿದ್ದ ಐದು ಮೂಲೆಯ ಎಲೆ ಹಿಡಿದರು.

“ಯಾವ ಮರದ್ದು ಇದು? ಮರ ಗೊತ್ತಿಲ್ದೆ ಎಲೆ ಎಂತ ಕತ್ತರ್ಸದು?”

ನಾನು ಪಾತ್ರೆಗಳನ್ನು ಕುಕ್ಕಿ ಸದ್ದು ಮಾಡುತ್ತಿದ್ದೆ. ಆಗ ಮಗಳು ಮೆಲ್ಲಗೆ, “ಅಜ್ಜ, ನಂದು ಒಂದ್ಸಲನೂ ಗೋಡೆಗೆ ಹತ್ತಿದ್ದಿಲ್ಲೆ” ಎಂದಳು.

ಮಾವ ಪಂಚಾಂಗ ಮುಚ್ಚಿದರು. ಎದ್ದು ಹೋಗಿ ಈ ಟ್ರಂಕು ಇಳಿಸಿದರು. ಅದರಲ್ಲಿದ್ದದ್ದು ಅವರ ತೋರಣ. ತೆಳು ಹಳದಿ ಕಾಗದವನ್ನು ಮಡಚಿ ಮಡಚಿ ಕತ್ತರಿಸಿದ್ದು. ಚೌತಿಗೆ ಗಣಪತಿಯ ಮೇಲೆ ತೂಗುವ ಫಲಾವಳಿಯ ಕಾಯಿ, ಹಣ್ಣುಗಳ ಕೆಳಗೆ ಕಟ್ಟಿ, ಗಣಪತಿ ನೀರಿಗೆ ಹೋದ ಮೇಲೆ ಅವರೇ ಬಿಚ್ಚಿ ಸುತ್ತಿಡುತ್ತಿದ್ದರು. ಒಮ್ಮೆ ನಾನು ಅದರ ಮೇಲೆ ಪೊರಕೆ ಆಡಿಸಿದ್ದಕ್ಕೆ ಮಾತು ಬಿಟ್ಟಿದ್ದ ಮನುಷ್ಯ. ಅದರ ಎಡತುದಿಯನ್ನು ಹಿಡಿದು ಕಚಕ್ಕೆಂದು ಕತ್ತರಿ ಹಾಕಿದರು.

ಇಲ್ಲಿಗೆ ಸುಮ್ಮನಾಗಿದ್ದರೆ ಅವರು ನನ್ನ ಮಾವ ಹೇಗಾದಾರು? ತಿಳಿಯದ ಎಲೆ ಬೇಡವೆಂದು ಆ ಕಾಗದದಲ್ಲಿ ಹರಳು ಗಿಡದ ಎಲೆ ಕತ್ತರಿಸಿದರು. ಅದಕ್ಕೆ ಮಿರುಗುವ ಬೇಗಡೆ ಹಾಳೆಯ ನರ ಎಳೆದರು. ಬೋಳು ಮರ ಲಕ್ಷಣವಲ್ಲವೆಂದು ಫಲಾವಳಿಯ ಹಾಗೆ ಕೊಂಬೆಗೆ ಎರಡು ಕಾಗದದ ಸೌತೆ, ನಮ್ಮ ಕಡೆಯ ಮೊಗೆಕಾಯಿ, ತೂಗಿಸಿದರು. ನಾನು ತಂದ ಅಂಟಿನ ಡಬ್ಬಿಯನ್ನು ಮೂಸಿ ನೋಡಿ ಬದಿಗಿಟ್ಟು, ಮೈದಾ ಕಾಯಿಸಿ, ಹುಳ ಬರಬಾರದೆಂದು ತೋಟಕ್ಕೆ ಹೊಡೆಯುವ ನೀಲಿ ಮೈಲುತುತ್ತದ ಪುಡಿ ಹಾಕಿದರು. ಎಲೆಯೇ ಗೊತ್ತಿಲ್ಲದ ಊರಲ್ಲಿ ಹುಳದ ಚಿಂತೆ ಎಂದು ನಾನು ಹಲ್ಲು ಕಚ್ಚಿಕೊಂಡು ಮಲಗಿದೆ.

ಬೆಳಿಗ್ಗೆ ನೋಡಿದರೆ ಮೈಲುತುತ್ತದ ನೀಲಿ ತೆಳು ಹಳದಿ ಕಾಗದಕ್ಕೆ ಅಡಿಯಿಂದ ಹತ್ತಿ, ಎಲೆಗಳೆಲ್ಲ ಹಸಿರು. ಗೇಟಿನ ಹೊರಗೆ ರಿಕ್ಷಾ ಹಾರ್ನ್ ಹೊಡೆಯುತ್ತಿದೆ. ಬೇರೆ ಮಾಡಲು ಹೊತ್ತೂ ಇಲ್ಲ, ಕಾಗದವೂ ಇಲ್ಲ. ಮಗಳು ಹಾಳೆಯನ್ನು ಎದೆಗೆ ಒತ್ತಿಕೊಂಡು ಹೋದಳು. ನಾನು ಕಚೇರಿಯಲ್ಲಿ ದಿನವಿಡೀ ಸಿಕ್ಕವರ ಮೇಲೆಲ್ಲ ರೇಗಿದೆ.

ಸಂಜೆ ನಾನು ಬರುವಾಗ ಮಗಳು ಬಾಗಿಲಿಗೇ ಓಡಿ ಬಂದಳು. “ಆಯಿ, ಗೋಡೆಗೆ ಹತ್ತಿತು!”

ಹತ್ತಿದ್ದು ಹೌದು, ಆದರೆ ‘ಸ್ಪ್ರಿಂಗ್’ ಎಂದು ಬರೆದ ಮೂಲೆಯಲ್ಲಿ. ಆ ಕಡೆ ಜಾಗ ಖಾಲಿಯಿತ್ತಂತೆ, ಮಿಸ್ಸು ಇದು ಅಲ್ಲಿಗೇ ಸರಿ ಎಂದರಂತೆ. ಬೇಡಿದ ಋತುವೇ ಅಲ್ಲವಲ್ಲ ಎಂದು ನಾನು ತಲೆ ಚಚ್ಚಿಕೊಂಡರೆ, ಮಾವ, “ಯಾವ ಋತುವಾದ್ರೆ ಎಂತು? ಹತ್ತಿತು, ಆತು” ಎಂದರು. ಆ ದಿನ ಅವಳು ಬಾಯಿತುಂಬ ಅನ್ನ ಇಟ್ಟುಕೊಂಡೇ ಮಾತಾಡಿದಳು. ನಾನೂ ಇನ್ನೊಮ್ಮೆ ಬಡಿಸಿಕೊಂಡು ಉಂಡೆ.

ಮುಂದಿನ ಚೌತಿಗೆ ತೋರಣ ಎಡಕ್ಕೆ ಗಿಡ್ಡವಾಗಿಯೇ ನೇತಾಡಿತು. ಕಾಗದ ತರುತ್ತೇನೆ, ಜೋಡಿಸಿ ಎಂದೆ. ಹಾಗೇ ಇರಲಿ ಎಂದರು. ಅವರು ಇರುವವರೆಗೂ, ಹೋದ ಮೇಲೂ, ಪ್ರತಿ ಚೌತಿಗೆ ಆ ವಾರೆ ತೋರಣ ನನ್ನ ಕಣ್ಣು ಚುಚ್ಚುತ್ತಲೇ ಬಂದಿದೆ.

ಮೊನ್ನೆ ಟ್ರಂಕಿನ ತಳದಲ್ಲಿ ಮಗಳ ಆಗಿನ ಸ್ಕ್ರ್ಯಾಪ್ ಬುಕ್ಕೂ ಸಿಕ್ಕಿತು. ನಾನು ಅಂಗಡಿಯ ಅಂಟು ಹಾಕಿ ಮಾಡಿಸಿದ ಹಾಳೆಗಳನ್ನೆಲ್ಲ ಹುಳ ತಿಂದು ಜಾಲರಿ ಮಾಡಿತ್ತು. ಹರಳೆಲೆಯ ಹಾಳೆ ಮಾತ್ರ ಒಂದೂ ತೂತಿಲ್ಲದೆ, ಮೊಗೆಕಾಯಿ ಸಮೇತ, ಹಸಿರಾಗಿ ಕೂತಿತ್ತು. ಅದನ್ನು ನೋಡಿ ಸಿಟ್ಟು ಬಂತು, ಅಳುವೂ ಬಂತು. ಈ ಮನುಷ್ಯನ ಎದುರು ಗೆಲ್ಲುವುದು ಆಗದ ಮಾತು.

ಮಗಳಿಗೆ ಫೋನು ಮಾಡಿ, ಸಂಜೆ ಕೂಸನ್ನು ಕರೆದುಕೊಂಡು ಬಾ ಎಂದೆ. ಮೈದಾ ಕಾಯಿಸಲು ಇಟ್ಟೆ. ಪುಡಿಯ ಡಬ್ಬಿ ಹುಡುಕಿ ಒಂದು ಚಿಟಿಕೆ ಹಾಕಿದೆ. ಎಲೆ ಹಸಿರಾದರೆ ಆಗಲಿ. ಆಮೇಲೆ ತೋರಣ ಬಿಚ್ಚಿ ಚಾಪೆಯ ಮೇಲೆ ಹಾಸಿ, ಬಲತುದಿಯನ್ನು ಹಿಡಿದು ಕತ್ತರಿ ಹಾಕಿದೆ. ಈಗ ಎರಡೂ ಬದಿ ಸಮ.