ಕಟ್ಟಡದ ಲೆಕ್ಕದಲ್ಲಿ ಅಪ್ಪ

ದೋಸ್ತರೇ, ಹೆದ್ದಾರಿಗೆ ಹೋಗಲಿರುವ ನಮ್ಮ ತಾಂಬಾ ಊರಿನ ಹೊಲ ಅಳೆಯಲು ಇವತ್ತು ಸರ್ವೇಯರ್ ಬಂದಿದ್ದರು. ಬಾವಿ, ನಿಂಬೆ ಗಿಡ, ದನದ ಕೊಟ್ಟಿಗೆ, ಒಂದನ್ನೂ ಬಿಡದೆ ಪರಿಹಾರಕ್ಕೆ ಬರೆಸಿದೆ. ಕೊನೆಗೆ ಬದುವಿನ ಪಕ್ಕದ ಕಲ್ಲಿನ ಕಟ್ಟೆ ಹತ್ತಿ ನಿಂತು ಕೂಗಿದೆ: "ಸರ, ಇದನ್ನೂ ಬರಕೋರಿ! ಕಟ್ಟಡದ ಲೆಕ್ಕದಾಗ ಎಷ್ಟ ಬರ್ತೈತ್ರಿ?"

"ಏನ್ರಿ ಅದು?"

"ನಮ್ಮಪ್ಪನ ಸಮಾಧಿರಿ."

ಸರ್ವೇಯರ್ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಅಷ್ಟರಲ್ಲಿ ಅವ್ವ ಮುಂದೆ ಬಂದು ಮೆಲ್ಲಗೆ ಕೇಳಿದಳು: "ಸಾಹೇಬ್ರ, ರೊಕ್ಕದ ಮಾತ ಇರ್ಲಿ. ಇವರನ್ನ ಎಲ್ಲಿಗೆ ಒಯ್ಯೂಣ್ರಿ?"

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಅವ್ವ ನನ್ನ ಕಡೆ ತಿರುಗಿದಳು. "ತಮ್ಮಾ, ಮದಲ ನೀ ಕೆಳಗ ಇಳಿ. ಚಪ್ಪಲಿ ಹಾಕ್ಕೊಂಡ ಅವರ ಮ್ಯಾಲ ನಿಂತಿ."

ಇಳಿದೆ. ಸಮಾಧಿಗೆ ಎಷ್ಟು ಬರುತ್ತದೆಂದು ಇನ್ನೊಮ್ಮೆ ಕೇಳಲು ನನಗೆ ಮುಖವಿರಲಿಲ್ಲ.